ಅಳತೆಗೋಲಿನ ಕಥೆ

ನನ್ನ ಮಗಳ ಮಗನಿಗೆ ಆರು ತುಂಬಿದರೂ ಮಾತು ಸರಿಯಾಗಿ ಕೂಡಿ ಬರುತ್ತಿರಲಿಲ್ಲ. ಶಾಲೆಯವರು ಒಂದು ದಿನ ಮಗಳನ್ನು ಕರೆಸಿ, "ಬುದ್ಧಿಪರೀಕ್ಷೆ ಮಾಡಿಸಿ ವರದಿ ತನ್ನಿ, ಆಮೇಲೆ ನೋಡೋಣ" ಎಂದರಂತೆ. ಆ 'ನೋಡೋಣ' ಎಂಬುದರ ಅರ್ಥ ನಮಗೆ ತಿಳಿಯದ್ದೇನಲ್ಲ. ಪರೀಕ್ಷೆಯ ದಿನ ನಾನೂ ಜೊತೆಗೆ ಹೋದೆ. ಪರೀಕ್ಷಿಸುವಾಕೆ ಇಂಗ್ಲಿಷಿನಲ್ಲಿ ಕೇಳುತ್ತ ಹೋದರು. ಮನೆಯಲ್ಲಿ ಕನ್ನಡವನ್ನೇ ಕೇಳಿ ಬೆಳೆದ ಹುಡುಗ ಗೋಡೆಯ ಗಡಿಯಾರ ನೋಡುತ್ತ ಕುಳಿತ. ಅರ್ಧ ಗಂಟೆಯಲ್ಲಿ ಒಂದು ಹಾಳೆಯೂ ಅದರ ಮೇಲೊಂದು ಅಂಕಿಯೂ ನಮ್ಮ ಕೈಸೇರಿದವು. ಮನೆ ಮುಟ್ಟುವವರೆಗೆ ಮಗಳು ತುಟಿ ಬಿಚ್ಚಲಿಲ್ಲ.

ಈ ಅಂಕಿ ಹುಟ್ಟಿದ್ದೆಲ್ಲಿ, ಇದಕ್ಕೆ ಇಷ್ಟು ಅಧಿಕಾರ ಬಂದದ್ದು ಹೇಗೆ ಎಂದು ಅಂದಿನಿಂದ ಹುಡುಕತೊಡಗಿದೆ. ಸಿಕ್ಕಿದ ಕಥೆ, ಇಂಥದೇ ಹಾಳೆ ಹಿಡಿದು ಕುಳಿತ ಇತರ ಮನೆಗಳಿಗೂ ಉಪಯೋಗವಾದೀತು.

ಕಥೆ ಆರಂಭವಾಗುವುದು ಪ್ಯಾರಿಸಿನಲ್ಲಿ. ಫ್ರಾನ್ಸ್ ದೇಶ 1882ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿತು. ಎಲ್ಲ ಮಕ್ಕಳೂ ಶಾಲೆಗೆ ಬಂದ ಮೇಲೆ, ಪಾಠದ ಜೊತೆ ನಡೆಯಲಾರದ ಮಕ್ಕಳ ಪ್ರಶ್ನೆಯೂ ಬಂತು. 1904ರಲ್ಲಿ ಸರ್ಕಾರ ಇದಕ್ಕೊಂದು ಆಯೋಗವನ್ನು ನೇಮಿಸಿತು. ಅದರಲ್ಲಿ ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಬಿನೆ ಒಬ್ಬ ಸದಸ್ಯ. ಒಂದೇ ಮಗುವಿಗೆ ಒಬ್ಬೊಬ್ಬ ವೈದ್ಯ ಒಂದೊಂದು ಹೆಸರಿಡುವುದನ್ನು ಕಂಡು ಆತನಿಗೆ ಬೇಸರವಾಗಿತ್ತು. ತರುಣ ವೈದ್ಯ ಥಿಯೊಡೋರ್ ಸಿಮೋನನ ಜೊತೆಗೂಡಿ 1905ರಲ್ಲಿ 30 ಪರೀಕ್ಷೆಗಳ ಒಂದು ಶ್ರೇಣಿಯನ್ನು ಪ್ರಕಟಿಸಿದ. ಉರಿಯುವ ಕಡ್ಡಿಯನ್ನು ಮಗುವಿನ ಕಣ್ಣು ಹಿಂಬಾಲಿಸುವುದೇ ಎಂಬುದು ಮೊದಲನೆಯದು. ಅಮೂರ್ತ ಪದಗಳ ನಡುವಣ ಭೇದವನ್ನು ಹೇಳುವುದು ಕೊನೆಯದು. 1908ರಲ್ಲಿ ಇವನ್ನು ವಯಸ್ಸಿಗೆ ತಕ್ಕಂತೆ ಜೋಡಿಸಿದ.

ಬಿನೆಯ ಉದ್ದೇಶ ಮಗುವನ್ನು ಹೊರಗಿಡುವುದಲ್ಲ, ಯಾರಿಗೆ ಹೆಚ್ಚು ನೆರವು ಬೇಕೆಂದು ತಿಳಿಯುವುದು. ವಿಶೇಷ ತರಗತಿಗಳಿಗಾಗಿ ಆತ ವ್ಯಾಯಾಮಗಳನ್ನೇ ರೂಪಿಸಿದ: ಗೊಂಬೆಯಂತೆ ಅಲುಗದೆ ನಿಲ್ಲುವ ಆಟದಿಂದ ಮೊದಲುಮಾಡಿ ಗಮನವನ್ನು ಬೆಳೆಸುವುದು. ಬುದ್ಧಿ ಹುಟ್ಟಿನಿಂದ ಬಂದಷ್ಟೇ, ಬೆಳೆಯಲಾರದು ಎನ್ನುವವರನ್ನು 1909ರ ತನ್ನ ಪುಸ್ತಕದಲ್ಲಿ ಕಟುವಾಗಿ ಖಂಡಿಸಿದ. 1911ರಲ್ಲಿ ತೀರಿಕೊಂಡ.

ಮರುವರ್ಷ ಜರ್ಮನಿಯ ವಿಲಿಯಂ ಸ್ಟರ್ನ್, ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸುವ ಉಪಾಯವನ್ನು ಸೂಚಿಸಿದ. ಅಲ್ಲಿಂದ ಮಗುವಿನ ವಿವರ ಹಿಂದೆ ಸರಿದು ಅಂಕಿ ಮುಂದೆ ಬಂತು. ಅಮೆರಿಕಕ್ಕೆ ಹೋದ ಮೇಲಂತೂ ಅಳತೆಗೋಲು ಜರಡಿಯಾಯಿತು. ಅಲ್ಲಿ ಕ್ಯಾರಿ ಬಕ್ ಎಂಬ ತರುಣಿಯ ಮಾನಸಿಕ ವಯಸ್ಸು 9 ಎಂದು ಲೆಕ್ಕ ಹಾಕಿದರು. ಅವಳಿಗೆ ಮುಂದೆ ಮಕ್ಕಳಾಗದಂತೆ ಶಸ್ತ್ರಕ್ರಿಯೆ ಮಾಡಬಹುದೆಂದು 1927ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಒಪ್ಪಿತು, ಶಸ್ತ್ರಕ್ರಿಯೆಯೂ ನಡೆಯಿತು. ಮಂದಬುದ್ಧಿಯೆಂದು ಹಣೆಪಟ್ಟಿ ಹಚ್ಚಿಸಿಕೊಂಡಿದ್ದ ಅವಳ ಎಳೆಯ ಮಗಳು ಮುಂದೆ ಶಾಲೆಯಲ್ಲಿ ಜಾಣರ ಪಟ್ಟಿಗೆ ಸೇರಿದಳು.

ಭಾಷೆಯ ಅನ್ಯಾಯ ಬೇರೆ. ಕ್ಯಾಲಿಫೋರ್ನಿಯದಲ್ಲಿ ಸ್ಪ್ಯಾನಿಷ್ ಮನೆಮಾತಿನ ಮಕ್ಕಳನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿ ಮಂದಬುದ್ಧಿಯವರ ತರಗತಿಗೆ ತಳ್ಳಿದ್ದರು. ತಂದೆತಾಯಿಗಳು ನ್ಯಾಯಾಲಯಕ್ಕೆ ಹೋದರು. 1970ರ ಒಪ್ಪಂದದಂತೆ ಮನೆಮಾತಿನಲ್ಲೇ ಪರೀಕ್ಷಿಸಬೇಕೆಂದಾಯಿತು. 1975ರಲ್ಲಿ ಅಲ್ಲಿ ಬಂದ ಕಾನೂನು, ಒಂದೇ ಪರೀಕ್ಷೆಯಿಂದ ಮಗುವಿನ ದಾರಿಯನ್ನು ನಿರ್ಣಯಿಸಕೂಡದು ಎಂದು ವಿಧಿಸಿತು.

ಆದರೆ ನನ್ನನ್ನು ಬೆರಗುಗೊಳಿಸಿದ ಸಂಗತಿ ನಮ್ಮ ಮನೆಯ ಹತ್ತಿರದ್ದೇ. ಕ್ಯಾಲಿಫೋರ್ನಿಯದ ಒಪ್ಪಂದಕ್ಕೆ 36 ವರ್ಷ ಮೊದಲು, 1934ರಲ್ಲಿ, ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಬಿನೆಯ ಪರೀಕ್ಷೆಗಳನ್ನು ತಿದ್ದಿ ಅಳವಡಿಸಿದ್ದನ್ನು ಇಂಗ್ಲೆಂಡಿನ ಶಿಕ್ಷಣ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. 1940ರಲ್ಲಿ ಅದು ಪುಸ್ತಕವಾಯಿತು. ಬಿನೆ-ಕಾಮತ್ ಪರೀಕ್ಷೆಯೆಂದು ಈಗಲೂ ಅದು ಬಳಕೆಯಲ್ಲಿದೆ. ಕನ್ನಡದ ಮಗುವನ್ನು ಕನ್ನಡದಲ್ಲಿ ಕೇಳಬೇಕೆಂಬ ವಿವೇಕ ನಮ್ಮಲ್ಲಿ ಅಷ್ಟು ಹಿಂದೆಯೇ ಇತ್ತು. ನಮ್ಮ ಹುಡುಗನ ಪಾಲಿಗೆ ಮಾತ್ರ ಅದು ಆ ದಿನ ಬರಲಿಲ್ಲ.

ಮತ್ತೊಂದು ಕಡೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿದೆವು. ಈ ಸಲದಾಕೆ ನೆಲದ ಮೇಲೆ ಕುಳಿತು, ಬೀಗದಕೈ ತೋರಿಸಿ, "ಇದೇನು ಪುಟ್ಟಾ?" ಎಂದರು. "ತಾತನ ಪೆಟ್ಟಿಗೇದು" ಎಂದ. ಅಂಕಿ ತುಸು ಏರಿತು, ಬಹಳವೇನಲ್ಲ. ಹುಡುಗನ ಬೆಳವಣಿಗೆ ನಿಧಾನವೆಂಬುದು ನಿಜವೇ. ಅದನ್ನು ಮುಚ್ಚಿಟ್ಟು ಫಲವಿಲ್ಲ. ಆದರೆ ಆ ವರದಿಯಲ್ಲಿ, ಒಂದು ಸಲಕ್ಕೆ ಒಂದೇ ಮಾತು ಹೇಳಿ, ಚಿತ್ರ ತೋರಿಸಿ ಕಲಿಸಿ, ಮುಂದಿನ ಸಾಲಿನಲ್ಲಿ ಕೂರಿಸಿ, ಮಾತಿನ ತರಬೇತಿ ಕೊಡಿಸಿ ಎಂದು ಎರಡು ಪುಟ ಸಲಹೆಯಿತ್ತು. ಅಂಗವೈಕಲ್ಯವುಳ್ಳ ಮಕ್ಕಳನ್ನು ಭೇದವೆಣಿಸದೆ ಸೇರಿಸಿಕೊಳ್ಳಬೇಕೆಂದು ಹೇಳುವ 2016ರ ಕಾಯಿದೆಯ ಪ್ರತಿಯನ್ನೂ ಜೊತೆಗಿಟ್ಟುಕೊಂಡು ಮಗಳು ಶಾಲೆಗೆ ಹೋದಳು. ಅದನ್ನು ಹೊರತೆಗೆಯುವ ಪ್ರಸಂಗ ಬರಲಿಲ್ಲ. ತರಗತಿಯ ಉಪಾಧ್ಯಾಯಿನಿ ಆ ಎರಡು ಪುಟಗಳನ್ನು ಓದಿ, "ಇದನ್ನು ಮೊದಲೇ ಹೇಳಿದ್ದರೆ ಹೀಗೇ ಮಾಡುತ್ತಿದ್ದೆನಲ್ಲ!" ಎಂದರಂತೆ.

ಹುಡುಗ ಈಗ ಮುಂದಿನ ಸಾಲಿನಲ್ಲಿ ಕೂರುತ್ತಾನೆ. ಇಂಥ ವರದಿ ಕೈಗೆ ಬಂದವರಿಗೆ ನಾನು ಹೇಳುವುದಿಷ್ಟೆ: ಪ್ರಶ್ನೆ ಯಾವ ಭಾಷೆಯಲ್ಲಿ ಕೇಳಿದರೆಂದು ವಿಚಾರಿಸಿ, ಅಂಕಿಯನ್ನು ಆಮೇಲೆ ನೋಡಿದರಾಯಿತು, ಸಲಹೆಯ ಪುಟವನ್ನು ಮೊದಲು ಓದಿ. ಆ ಪುಟವೇ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಬಿನೆ ಪರೀಕ್ಷೆಯನ್ನು ಕಟ್ಟಿದ್ದು ಆ ಪುಟಕ್ಕಾಗಿಯೇ.