ಗಡ್ಡೆಯಿಂದ ಗಡ್ಡೆಗೆ

ಕಳೆದ ದೀಪಾವಳಿಯ ಹೊತ್ತಿಗೆ ನನಗೊಂದು ವಿಚಿತ್ರವಾದ ಪತ್ರ ಬಂದಿತು. ಬರೆದವರು ನನ್ನ ಹಳೆಯ ವಿದ್ಯಾರ್ಥಿ. ಸಿಂಧನೂರಿನ ಕಡೆಯವರು, ಈಗ ಬಹುಕಾಲದಿಂದ ಪರದೇಶದಲ್ಲಿದ್ದಾರೆ. ಅಲ್ಲಿ ಹವ್ಯಾಸಕ್ಕೆಂದು ಪುಟ್ಟ ವಿಮಾನ ನಡೆಸುವುದನ್ನು ಕಲಿತು, ರಜೆ ಬಂದಾಗ ಇಬ್ಬರು ಗೆಳೆಯರೊಡನೆ ಸಮುದ್ರದ ಒಂದು ದ್ವೀಪದಿಂದ ಇನ್ನೊಂದಕ್ಕೆ ಹಾರಿ ಹೋಗಿ, ಅಲ್ಲಿ ಊಟ ಮಾಡಿ, ಮತ್ತೊಂದಕ್ಕೆ ಹಾರುತ್ತಾರಂತೆ. ಪತ್ರದ ಕೊನೆಯಲ್ಲಿ ಒಂದು ಬೇಡಿಕೆ ಇತ್ತು: “ಸರ್, ನಮ್ಮ ಕಡೆಗೂ ಹೀಗೊಂದು ಪ್ರವಾಸದ ಯೋಜನೆ ಹಾಕಿಕೊಡಿ. ದಾರಿಯಲ್ಲಿ ಕಾಣುವ ಸ್ಥಳಗಳ ಚರಿತ್ರೆಯೂ ಅದರಲ್ಲಿರಲಿ.”

ಓದಿ ನಕ್ಕೆ. ಸಮುದ್ರದ ಗಾಳಿಯೂ ಸುಳಿಯದ ರಾಯಚೂರು ಜಿಲ್ಲೆಯಲ್ಲಿ ದ್ವೀಪವೆಲ್ಲಿಯದು? ಆದರೆ ಕನ್ನಡ ಪಾಠ ಹೇಳಿದವನಿಗೆ ಒಂದು ಚಾಳಿ ಉಂಟು. ಯಾವ ಪದವನ್ನೂ ಬಿಡಿಸಿ ನೋಡದೆ ಬಿಡುವುದಿಲ್ಲ. ದ್ವೀಪವೆಂದರೆ ಎರಡು ಕಡೆ ಅಪ್ಪು, ಅಂದರೆ ನೀರು, ಉಳ್ಳದ್ದು. ನಮ್ಮ ನಾಡನ್ನು ಚರಿತ್ರೆಕಾರರು ಕರೆಯುವ ‘ದೋಆಬ್’ ಎಂಬ ಪಾರಸಿ ಪದವನ್ನು ಬಿಡಿಸಿದರೂ ಅದೇ ಸಿಗುತ್ತದೆ: ದೋ ಎಂದರೆ ಎರಡು, ಆಬ್ ಎಂದರೆ ನೀರು. ಸಂಸ್ಕೃತದ ‘ಅಪ್’ ಮತ್ತು ಪಾರಸಿಯ ‘ಆಬ್’ ಒಂದೇ ತಾಯಿಯ ಮಕ್ಕಳು. ಆ ಪಾರಸಿ ಪದ ಇಲ್ಲಿಗೆ ಬರುವ ಮೊದಲೇ ನಮ್ಮವರು ಅಚ್ಚಗನ್ನಡದಲ್ಲಿ ಒಂದು ಹೆಸರನ್ನು ಇಟ್ಟುಕೊಂಡಿದ್ದರು: ಎಡೆದೊರೆ. ಎರಡು ತೊರೆಗಳ ಎಡೆಯ ನಾಡು. ಶಾಸನಗಳಲ್ಲಿ ಇದು ‘ಎಡೆದೊರೆ ಎರಡು ಸಾಸಿರ’. ಚೋಳ ರಾಜೇಂದ್ರನ ತಮಿಳು ಪ್ರಶಸ್ತಿಯಲ್ಲಿ ಅವನು ಗೆದ್ದ ನಾಡುಗಳ ಸಾಲಿನಲ್ಲಿ ಬರುವ ‘ಇಡೈತುರೈ ನಾಡು’ ಇದೇ ಎಂದು ಫ್ಲೀಟ್ ಮೊದಲಾದ ವಿದ್ವಾಂಸರ ಅಭಿಪ್ರಾಯ. ಹೀಗೆ ಪದದ ಲೆಕ್ಕದಲ್ಲಿ ಕೃಷ್ಣೆ ತುಂಗಭದ್ರೆಯರ ನಡುವಣ ಇಡೀ ನೆಲವೇ ಒಂದು ದ್ವೀಪ. ಅದರ ಅಂಚಿನಲ್ಲಿ, ಎರಡೂ ಹೊಳೆಗಳ ಒಡಲಲ್ಲಿ, ನಿಜವಾದ ದ್ವೀಪಗಳೂ ಇವೆ. ಅವನ್ನು ನಾವು ದ್ವೀಪವೆನ್ನುವುದಿಲ್ಲ, ಗಡ್ಡೆ ಎನ್ನುತ್ತೇವೆ. ಹಿಂದಿನವರು ಕುರುವ ಎನ್ನುತ್ತಿದ್ದರು. ರಾಯಚೂರು ತಾಲೂಕಿನ ಕೃಷ್ಣೆಯಲ್ಲಿ ಕುರುವಪುರವಿದೆ. ಕುರ್ವಕಲಾ, ಕುರ್ವಕುರ್ದಾ ಎಂಬ ಎರಡು ಊರುಗಳಿವೆ. ಕಲಾ ಎಂದರೆ ಕಲಾನ್, ದೊಡ್ಡದು; ಕುರ್ದಾ ಎಂದರೆ ಖುರ್ದ್, ಚಿಕ್ಕದು. ಕನ್ನಡದ ಕುರುವಕ್ಕೆ ಕಂದಾಯದ ದಫ್ತರದ ಪಾರಸಿ ಬಾಲ ಅಂಟಿಕೊಂಡಿದೆ.

ಆದ್ದರಿಂದ ನಗುವುದನ್ನು ಬಿಟ್ಟು ನಕ್ಷೆಯನ್ನು ಹರಡಿಕೊಂಡು ಕುಳಿತೆ.

ಗೆರೆ ಎಳೆಯುವುದು ಸುಲಭವಾಗಿತ್ತು. ಸಿಂಧನೂರಿನಿಂದ ಹೊರಟು ಮಸ್ಕಿಯ ಗುಡ್ಡವನ್ನು ದಾಟಿ, ಹಟ್ಟಿಯ ಚಿನ್ನದ ಗಣಿಯನ್ನು ಬಲಕ್ಕೆ ಬಿಟ್ಟು, ಲಿಂಗಸುಗೂರಿನ ಮೇಲೆ ಹಾದು ಜಲದುರ್ಗ. ಅಲ್ಲಿಂದ ಕೃಷ್ಣೆಯ ಗುಂಟ ಮೂಡಣಕ್ಕೆ ಕುರುವಪುರ. ತಿರುಗಿ ನೈರುತ್ಯಕ್ಕೆ ಬಂದು ಸಿಂಧನೂರಿನ ಗದ್ದೆಗಳ ಮೇಲಿಂದ ಆನೆಗೊಂದಿಯ ನವವೃಂದಾವನದ ಗಡ್ಡೆ. ಎಲ್ಲ ಸೇರಿ ಸುಮಾರು ಮುನ್ನೂರೈವತ್ತು ಕಿಲೋಮೀಟರು. ಗಂಟೆಗೆ ನೂರು ಮೈಲಿ ಹಾರುವ ಪುಟ್ಟ ವಿಮಾನಕ್ಕೆ ಎರಡೂವರೆ ಗಂಟೆಯೂ ಬೇಡ.

ನೂರು ಮೈಲಿ ಎಂದಾಗ ನೆನಪಾಗುವುದು 1932. ಆ ವರ್ಷದ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಒಂದೇ ಎಂಜಿನಿನ ಪುಸ್ ಮಾತ್ ವಿಮಾನದಲ್ಲಿ ಟಪಾಲಿನ ಚೀಲಗಳನ್ನು ಹೇರಿಕೊಂಡು ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಗೆ ಬಂದರು. ಅಹಮದಾಬಾದಿನಲ್ಲಿ ಅವರ ವಿಮಾನಕ್ಕೆ ಪೆಟ್ರೋಲು ಬಂದದ್ದು ಎತ್ತಿನ ಗಾಡಿಯಲ್ಲಿ, ಡಬ್ಬಿಗಳಲ್ಲಿ. ಮುಂಬಯಿಯಿಂದ ಮುಂದೆ ಮದರಾಸಿಗೆ ಟಪಾಲನ್ನು ಒಯ್ದವರು ಅವರ ಸಹೋದ್ಯೋಗಿ ನೆವಿಲ್ ವಿನ್ಸೆಂಟ್; ನಡುದಾರಿಯ ನಿಲ್ದಾಣ ನಮ್ಮ ಬಳ್ಳಾರಿ. ಮುಂಬಯಿಗೂ ಬಳ್ಳಾರಿಗೂ ನಕ್ಷೆಯ ಮೇಲೆ ಅಡಿಪಟ್ಟಿ ಇಟ್ಟು ನೋಡಿದೆ. ಗೆರೆ ಕುಷ್ಟಗಿ, ಗಂಗಾವತಿಗಳ ಆಸುಪಾಸಿನಲ್ಲಿ ಹಾಯುತ್ತದೆ. ಮಸ್ಕಿ ಇಪ್ಪತ್ತೈದು ಮೈಲಿ ಪೂರ್ವಕ್ಕೆ ಉಳಿಯುತ್ತದೆ. ಅಂದರೆ ನಮ್ಮ ಹಿರಿಯರು ಎರೆಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದ ಕಾಲಕ್ಕೇ ಈ ಎಡೆದೊರೆಯ ಮೇಲೆ ಪುಟ್ಟ ವಿಮಾನದ ದಾರಿ ಬಿದ್ದಿತ್ತು. ಆ ಟಪಾಲು ವಿಮಾನಗಳಿಗೂ ನೀರಿನ ಕಾಟ ತಪ್ಪಿರಲಿಲ್ಲವೆಂಬುದು ಸ್ವಾರಸ್ಯ. ಮುಂಬಯಿಯ ಜುಹೂ ಬಯಲು ಮಳೆಗಾಲದಲ್ಲಿ ಕೆಸರಾಗಿ, ಅವರು ತಮ್ಮ ಠಾಣ್ಯವನ್ನು ಪುಣೆಗೆ ಸಾಗಿಸಬೇಕಾಗುತ್ತಿತ್ತು. ಹಾರುವುದು ಗಾಳಿಯಲ್ಲಾದರೂ ಇಳಿಯಬೇಕಾದದ್ದು ನೆಲಕ್ಕೆ. ನನ್ನ ಯೋಜನೆ ಮುಗ್ಗರಿಸಿದ್ದೂ ಅಲ್ಲಿಯೇ.

ಅದಕ್ಕೆ ಮೊದಲು ಇನ್ನೂ ಹಳೆಯದೊಂದು ವಿಮಾನದ ಮಾತು. ವಾಲ್ಮೀಕಿಯ ಯುದ್ಧಕಾಂಡದ ಕೊನೆಯಲ್ಲಿ ಪುಷ್ಪಕವು ಲಂಕೆಯೆಂಬ ದ್ವೀಪದಿಂದ ಹೊರಡುತ್ತದೆ. ರಾಮನು ಸೀತೆಗೆ ಕೆಳಗಿನ ನೆಲವನ್ನು ಒಂದೊಂದಾಗಿ ತೋರಿಸುತ್ತಾ ಬರುತ್ತಾನೆ. ಕಿಷ್ಕಿಂಧೆ ಬಂದಾಗ ಸೀತೆ, ತಾರೆಯೇ ಮೊದಲಾದ ವಾನರ ಸ್ತ್ರೀಯರನ್ನೂ ಅಯೋಧ್ಯೆಗೆ ಕರೆದೊಯ್ಯೋಣ ಎನ್ನುತ್ತಾಳೆ. ಅದಕ್ಕಾಗಿ ವಿಮಾನ ಅಲ್ಲಿ ನಿಲ್ಲುತ್ತದೆ. ಆನೆಗೊಂದಿಯ ಜನ ಕಿಷ್ಕಿಂಧೆ ತಮ್ಮದೇ ಎನ್ನುತ್ತಾರಷ್ಟೆ. ಹಾಗಾದರೆ ನಮ್ಮ ಸೀಮೆಯಲ್ಲಿ ಮೊದಲು ಇಳಿದ ವಿಮಾನ ಅದೇ; ಇಳಿಸಿದವಳು ಒಬ್ಬ ಹೆಣ್ಣುಮಗಳು; ಕಾರಣ, ಕೆಳಗಿರುವವರು ಅವಳ ನೆನಪಿಗೆ ಬಂದದ್ದು. ಪುಷ್ಪಕಕ್ಕೆ ನಿಲ್ದಾಣದ ಗೊಡವೆ ಇರಲಿಲ್ಲ.

ನನ್ನ ವಿದ್ಯಾರ್ಥಿಯ ವಿಮಾನಕ್ಕೆ ಇದೆ. ಬಳ್ಳಾರಿಯ ಆಚೆ ತೋರಣಗಲ್ಲಿನ ಬಳಿ ಉಕ್ಕಿನ ಕಾರ್ಖಾನೆಯವರ ವಿಮಾನ ನಿಲ್ದಾಣವಿದೆ; ಕೊಪ್ಪಳದ ಬಳಿ ಗಿಣಿಗೇರಿಯಲ್ಲಿ ಖಾಸಗಿಯ ಒಂದು ಓಡುಹಾದಿ ಇದೆ. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ ಏನೂ ಇಲ್ಲ. ಬಯಲಿನಲ್ಲಿ ಇಳಿಸೋಣವೆಂದರೆ ನಮ್ಮದು ಎರೆಭೂಮಿ. ಮಳೆ ಬಿದ್ದರೆ ಮನುಷ್ಯನ ಕಾಲಿಗೇ ಸೇರುಗಟ್ಟಲೆ ಮಣ್ಣು ಮೆತ್ತುತ್ತದೆ. ಬೇಸಗೆಯಲ್ಲಿ ಬಿರುಕು ಬಿಟ್ಟು ಕರುವಿನ ಕಾಲು ಸಿಕ್ಕಿಕೊಳ್ಳುತ್ತದೆ. ಕಾಲುವೆ ಬಂದ ಮೇಲೆ ಸಿಂಧನೂರಿನ ನೆಲವೆಲ್ಲ ಬತ್ತದ ಗದ್ದೆ. ನೀರಿನ ಮೇಲೆಯೇ ಇಳಿಯುವ ವಿಮಾನಗಳೂ ಉಂಟು. 2020ರ ಅಕ್ಟೋಬರ್ 31ರಂದು ನರ್ಮದೆಯ ಕೇವಡಿಯಾದಿಂದ ಅಹಮದಾಬಾದಿನ ಸಾಬರಮತಿಗೆ ಅಂಥದೊಂದು ಸೇವೆ ಆರಂಭವಾಯಿತು, ಮರುವರ್ಷವೇ ನಿಂತಿತು. ಆದರೆ ಜಲದುರ್ಗದ ಕೃಷ್ಣೆ ಸಾಬರಮತಿಯಲ್ಲ. ಅಲ್ಲಿ ಹೊಳೆ ಮೇಲಣ ದಖ್ಖನಿನ ಪ್ರಸ್ಥಭೂಮಿಯಿಂದ ಸುರಪುರ ರಾಯಚೂರುಗಳ ತಗ್ಗಿಗೆ ಧುಮುಕುತ್ತದೆ. ಮೂರು ಮೈಲಿಯಷ್ಟರಲ್ಲಿ ನಾನೂರು ಅಡಿ ಇಳಿಯುತ್ತದೆಂದು ಹಳೆಯ ಗೆಜೆಟಿಯರು ಹೇಳುತ್ತದೆ. ಹೊಳೆಯೊಳಗೆ ಎಲ್ಲಿ ನೋಡಿದರೂ ಬಂಡೆ.

ಸಮುದ್ರದ ದ್ವೀಪಗಳಲ್ಲಾದರೂ ಎಲ್ಲೆಡೆ ವಿಮಾನ ಇಳಿಯುತ್ತದೆಂದು ತಿಳಿಯಬಾರದು. ಲಕ್ಷದ್ವೀಪದ ಅಗತ್ತಿಯಲ್ಲಿ 1988ರಲ್ಲಿ ವಿಮಾನ ನಿಲ್ದಾಣ ತೆರೆಯಿತು. ಅಲ್ಲಿ ಇಳಿದವರು ಉಳಿದ ದ್ವೀಪಗಳಿಗೆ ದೋಣಿಯನ್ನೇ ಹಿಡಿಯಬೇಕಾಯಿತು. ನಮ್ಮ ಗಡ್ಡೆಗಳಿಗೂ ಹರಿಗೋಲೇ ಗತಿ. ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ಜನ ಹೊಳೆ ದಾಟುತ್ತಿದ್ದ ದುಂಡನೆಯ ದೋಣಿಗಳನ್ನು ಬೆರಗಿನಿಂದ ಬಣ್ಣಿಸಿದ್ದಾನೆ: ಬುಟ್ಟಿಯಂತೆ ಹೆಣೆದು, ಹೊರಗೆ ತೊಗಲು ಹೊದಿಸಿದವು; ಹದಿನೈದು ಇಪ್ಪತ್ತು ಜನ ಕೂಡುವಂಥವು; ಕುದುರೆ ಎತ್ತುಗಳೂ ಅವುಗಳಲ್ಲಿ ದಾಟುತ್ತಿದ್ದವು. ಅದು ಕೃಷ್ಣದೇವರಾಯನ ಕಾಲ. 1520ರಲ್ಲಿ ರಾಯನ ಸೇನೆ ರಾಯಚೂರನ್ನು ಗೆದ್ದದ್ದೂ ಆಗಲೇ. ಈ ಎರಡು ನೀರಿನ ನಡುವಣ ನೆಲಕ್ಕಾಗಿ ಬಹಮನಿಗಳೂ ವಿಜಯನಗರದವರೂ, ಆಮೇಲೆ ಆದಿಲಶಾಹಿಗಳೂ ಎಷ್ಟು ಸಲ ಹೊಳೆ ದಾಟಿದರೆಂಬುದನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇವೆ. ದಾಟಿಸಿದ ಅಂಬಿಗರ ಮಾತು ಮಾತ್ರ ಯಾವ ಪಾಠದಲ್ಲಿಯೂ ಬರುವುದಿಲ್ಲ.

ಇಲ್ಲಿ ನಾನು ಒಂದು ತಪ್ಪೊಪ್ಪಿಗೆ ಮಾಡಬೇಕು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಈ ನಾಡಿನಲ್ಲಿ ಪಾಠ ಹೇಳಿದವನು ನಾನು. ಮಸ್ಕಿಯ ಶಾಸನದ ಬಂಡೆಯ ಮುಂದೆ ವಿದ್ಯಾರ್ಥಿಗಳನ್ನು ನಿಲ್ಲಿಸಿ, ಚಿನ್ನದ ಅದಿರು ಹುಡುಕಿಕೊಂಡು ಬಂದ ಬೀಡನ್ ಎಂಬ ಎಂಜಿನಿಯರು 1915ರಲ್ಲಿ ಇದನ್ನು ಕಂಡದ್ದು, ‘ದೇವಾನಾಂಪ್ರಿಯ’ನ ಜೊತೆಗೆ ಅಶೋಕನೆಂಬ ಹೆಸರು ಮೊದಲು ದೊರೆತು, ಆ ಬಿರುದು ಯಾರದೆಂಬ ಪ್ರಶ್ನೆ ಬಗೆಹರಿದದ್ದು, ಇದನ್ನೆಲ್ಲ ಎಷ್ಟು ಸಲ ಹೇಳಿದೆನೋ. ಆದರೆ ಲಿಂಗಸುಗೂರು ತಾಲೂಕಿನ ಒಂದು ಗಡ್ಡೆಗೂ ನಾನು ಕಾಲಿಟ್ಟಿರಲಿಲ್ಲ. ಕಡದರಗಡ್ಡಿ, ಕರಕಲಗಡ್ಡಿ, ಮ್ಯಾದರಗಡ್ಡಿ ಎಂಬ ಹೆಸರುಗಳನ್ನು ಹಾಜರಿ ಪುಸ್ತಕದಲ್ಲಿಯೂ ಮಳೆಗಾಲದ ವರ್ತಮಾನ ಪತ್ರಿಕೆಯಲ್ಲಿಯೂ ಮಾತ್ರ ಕಂಡಿದ್ದೆ.

ಹಾಜರಿ ಪುಸ್ತಕವೆಂದೆ. ತೊಂಬತ್ತರ ದಶಕದಲ್ಲಿ ಗಡ್ಡೆಯ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗನಿದ್ದ. ಹಳಗನ್ನಡವನ್ನು ತಡೆಯಿಲ್ಲದೆ ಓದುತ್ತಿದ್ದ. ಒಂದು ಮಳೆಗಾಲದ ಪರೀಕ್ಷೆಗೆ ಎರಡು ದಿನ ಬರಲಿಲ್ಲ. ಮೂರನೆಯ ದಿನ, ಬಟ್ಟೆಯ ಗಂಟು ಹಿಡಿದು ಬಂದು ಬಾಗಿಲಲ್ಲಿ ನಿಂತ. “ಮೊದಲೇ ಹೊರಟು ಬರಬಾರದಿತ್ತೇನಪ್ಪಾ?” ಎಂದೆ. “ಮೊದಲು ಹೊಳಿ ಇಷ್ಟು ಬಂದಿದ್ದಿಲ್ರೀ ಸರ” ಎಂದ. ನಾನು ಗೈರುಹಾಜರಿಯನ್ನು ತಿದ್ದುವಂತಿರಲಿಲ್ಲ, ಅದು ನಿಜ. ಆದರೆ ಅವನ ಪರವಾಗಿ ಮೇಲಿನವರಿಗೆ ಒಂದು ಸಾಲು ಬರೆಯಬಹುದಿತ್ತು. ಬರೆಯಲಿಲ್ಲ. ಅವನು ಮತ್ತೆ ಕಾಲೇಜಿಗೆ ಬರಲಿಲ್ಲ. ಮೇಜಿನ ಮೇಲೆ ನಕ್ಷೆ ಹರಡಿಕೊಂಡು ವಿಮಾನಕ್ಕೆ ಇಳಿಯುವ ಸ್ಥಳ ಹುಡುಕುತ್ತಿದ್ದಾಗ ನನಗೆ ಆ ಮಾತು ನೆನಪಾಯಿತು.

ಜಲದುರ್ಗಕ್ಕೆ ಈಗ ಸೇತುವೆ ಉಂಟು. ಅತ್ತಕಡೆಯ ಗಡ್ಡೆಗಳಿಗೆ ಶೀಲಹಳ್ಳಿಯ ಸೇತುವೆ ಉಂಟು. ಆದರೆ 1982ರಲ್ಲಿ ಮುಗಿದ ನಾರಾಯಣಪುರದ ಅಣೆಕಟ್ಟು ಮೇಲೆಯೇ ಇದೆ. ಅದರ ಬಾಗಿಲುಗಳನ್ನು ಹೆಚ್ಚು ತೆರೆದರೆ ಸೇತುವೆಗಳು ಮುಳುಗುತ್ತವೆ, ಊರು ಮತ್ತೆ ಗಡ್ಡೆಯಾಗುತ್ತದೆ. 2009ರ ನೆರೆಯಲ್ಲಿ ಉತ್ತರ ಕರ್ನಾಟಕದ ಆಕಾಶದಲ್ಲಿ ಹೆಲಿಕಾಪ್ಟರುಗಳು ಹಾರಾಡಿದವು. 2019ರ ಆಗಸ್ಟಿನಲ್ಲಿ ತುಂಗಭದ್ರೆ ಉಕ್ಕಿದಾಗ ಹಂಪಿಯ ಎದುರಿನ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಬಿದ್ದ ಮುನ್ನೂರಕ್ಕೂ ಹೆಚ್ಚು ಪ್ರವಾಸಿಗರನ್ನು ದೋಣಿ, ಹೆಲಿಕಾಪ್ಟರುಗಳಿಂದ ಪಾರುಮಾಡಿದರು. ಗಡ್ಡೆಗಳಿಗೆ ಆಕಾಶಮಾರ್ಗವಿಲ್ಲವೆಂದು ಹೇಗೆ ಹೇಳಲಿ? ಇದೆ, ಆಪತ್ತು ಬಂದ ದಿನ ಮಾತ್ರ. ಅದೇ ಆಗಸ್ಟಿನಲ್ಲಿ ದೇವದುರ್ಗ ತಾಲೂಕಿನ ಹಿರೇರಾಯನಕುಂಪಿಯಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬ, ನೀರಿನಡಿಯಲ್ಲಿ ಮರೆಯಾದ ಸೇತುವೆಯ ಮೇಲೆ ಮುಂದೆ ಮುಂದೆ ಓಡುತ್ತಾ ಆಂಬುಲೆನ್ಸಿಗೆ ದಾರಿ ತೋರಿಸಿದ. ಅದಕ್ಕಾಗಿ ಅವನಿಗೆ ಶೌರ್ಯ ಪ್ರಶಸ್ತಿಯೂ ಬಂದಿತು. ಪೈಲಟ್ ಎಂಬ ಪದ ವಿಮಾನ ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲಿನದು. ಕಾಣದ ನೀರಿನಲ್ಲಿ ಹಡಗಿಗೆ ದಾರಿ ತೋರುವವನಿಗೆ ಅದು ಸಲ್ಲುತ್ತಿತ್ತು. ಆ ಮೂಲಾರ್ಥದಲ್ಲಿ ನಮ್ಮ ಜಿಲ್ಲೆಯ ದೊಡ್ಡ ಪೈಲಟ್ ಆ ಹುಡುಗನೇ.

ಕೊನೆಗೆ, ಯೋಜನೆ ಹಾಕುವವನು ದಾರಿಯನ್ನು ಕಂಡಿರಬೇಕೆಂದು, ಸಂಕ್ರಾಂತಿ ಕಳೆದ ಮೇಲೆ ಬಸ್ಸು ಹತ್ತಿ ಲಿಂಗಸುಗೂರಿಗೆ ಹೋಗಿ, ಅಲ್ಲಿಂದ ಹೊಳೆಗೆ ಹೋದೆ. ಜಲದುರ್ಗದ ಕೋಟೆಯ ಮೇಲೆ ನಿಂತರೆ ವಿಮಾನದ ಹಂಗಿಲ್ಲದೆಯೇ ಹೊಳೆ ಕವಲೊಡೆಯುವುದು ಕಾಣುತ್ತದೆ. ಕೆಳಗೆ ಬಂದು, ಹರಿಗೋಲಿನಲ್ಲಿ ಒಂದು ಚಿಕ್ಕ ಗಡ್ಡೆಗೆ ದಾಟಿದೆ. ಮೂರು ನಾಲ್ಕು ಗುಡಿಸಲು, ಒಂದಿಷ್ಟು ಕುರಿ. ಹುಟ್ಟು ಹಾಕುತ್ತಿದ್ದ ಹಿರಿಯರಿಗೆ ನಮ್ಮ ವಿಮಾನದ ಯೋಜನೆಯನ್ನು ವಿವರಿಸಿದೆ. ಅವರು ನಗಲಿಲ್ಲ. “ಬರಲ್ರೀ, ಬ್ಯಾಡ ಅನ್ನಾಂಗಿಲ್ಲ. ಇಳ್ಯಾದು ಎಲ್ಲಿ?” ಎಂದು ಕೇಳಿದರು. ಹರಿಗೋಲು ಸೆಳವಿಗೆ ಸಿಕ್ಕು ಒಂದು ಸುತ್ತು ತಿರುಗಿತು. ನಾನು ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಆ ಹುಡುಗನ ಮನೆತನದ ಹೆಸರು ಹೇಳಿ ವಿಚಾರಿಸಿದೆ. ಅವರು ಊರು ಬಿಟ್ಟು ಬಹಳ ವರ್ಷವಾಯಿತೆಂದರು. ದುಡಿಯಲು ಹೋದವರು ಬೆಂಗಳೂರಿನಲ್ಲಿಯೇ ಉಳಿದರಂತೆ.

ವಿದ್ಯಾರ್ಥಿಗೆ ಉತ್ತರ ಬರೆದಿದ್ದೇನೆ. ನಕ್ಷೆಯನ್ನೂ ಕಳಿಸಿದ್ದೇನೆ: ವಿಮಾನವನ್ನು ಅಪ್ಪಣೆ ಪಡೆದು ತೋರಣಗಲ್ಲಿಗೆ ತರಬಹುದು, ಅಲ್ಲಿಂದ ಎದ್ದು ಎಡೆದೊರೆಯ ಮೇಲೆ ಒಂದು ಸುತ್ತು ಹಾಕಿ ಅಲ್ಲಿಯೇ ಇಳಿಯಬಹುದು, ಹಾರುವಾಗ ಮಸ್ಕಿಯ ಗುಡ್ಡ ಎಡಕ್ಕೋ ಬಲಕ್ಕೋ ಎಂಬುದನ್ನೂ ಗುರುತು ಮಾಡಿದ್ದೇನೆ. ಗಡ್ಡೆಗಳಿಗೆ ಮಾತ್ರ ಮರುದಿನ ಬಸ್ಸಿನಲ್ಲಿ. ಬರುವ ಮಾಘದಲ್ಲಿ, ಹೊಳೆ ಇಳಿದಿರುವಾಗ ಬರುತ್ತೇನೆಂದು ಅವರು ತಿಳಿಸಿದ್ದಾರೆ. ಅಂಬಿಗರಿಗೆ ಇಬ್ಬರೆಂದು ಹೇಳಿಟ್ಟಿದ್ದೇನೆ.