ವಿಲಿಯಂ ಹಾಯ್: ಅಂಪೈರ್ ಕೂಗು ಕೇಳದ ಬೇಸ್‌ಬಾಲ್ ತಾರೆ

ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನ ಆರಂಭದ ದಶಕಗಳಲ್ಲಿ ಹೆಸರು ಮಾಡಿದ ಆಟಗಾರರಲ್ಲಿ ವಿಲಿಯಂ ಎಲ್ಸ್‌ವರ್ತ್ ಹಾಯ್ ಒಬ್ಬರು. ಕ್ರಿಕೆಟ್‌ನ ಬೌಂಡರಿ ಕಾವಲುಗಾರರಂತೆ, ಹೊರಮೈದಾನದ ನಡುಭಾಗವನ್ನು ಕಾಯುವುದು ಅವರ ಹೊಣೆಯಾಗಿತ್ತು.

ಓಹಾಯೊ ರಾಜ್ಯದಲ್ಲಿ 1862ರ ಮೇ 23ರಂದು ಜನಿಸಿದ ಹಾಯ್, ಎಳವೆಯಲ್ಲೇ ಮೆದುಳುಜ್ವರದಿಂದ ಶ್ರವಣಶಕ್ತಿ ಕಳೆದುಕೊಂಡರು. ಕೊಲಂಬಸ್‌ನ ಕಿವುಡರ ಶಾಲೆಯಲ್ಲಿ ಓದಿ, ಊರಿಗೆ ಮರಳಿ ಪಾದರಕ್ಷೆ ದುರಸ್ತಿ ಮಾಡುತ್ತಿದ್ದರು. 1886ರಲ್ಲಿ ವಿಸ್ಕಾನ್ಸಿನ್‌ನ ಆಷ್‌ಕಾಷ್ ತಂಡದೊಂದಿಗೆ ವೃತ್ತಿಜೀವನ ಆರಂಭವಾಯಿತು.

ಆಗ ಅಂಪೈರ್‌ಗಳು ತೀರ್ಪನ್ನು ಬಾಯಿಯಲ್ಲಿ ಕೂಗಿ ಹೇಳುತ್ತಿದ್ದರೇ ಹೊರತು ಕೈಸನ್ನೆ ಬಳಕೆಯಲ್ಲಿರಲಿಲ್ಲ. ಹಾಯ್ ತೀರ್ಪು ತಿಳಿಯಲು ತಿರುಗಿ ನೋಡುವಷ್ಟರಲ್ಲಿ ಎದುರಾಳಿ ಪಿಚರ್ ಮುಂದಿನ ಚೆಂಡು ಎಸೆದುಬಿಡುತ್ತಿದ್ದ. ಇದಕ್ಕೆ ಅವರೇ ಪರಿಹಾರ ಕಂಡುಕೊಂಡರು. ಮೂರನೇ ಬೇಸ್ ಬಳಿ ನಿಲ್ಲುವ ತರಬೇತುದಾರ, ಸ್ಟ್ರೈಕ್ ಆದರೆ ಬಲಗೈ, ಬಾಲ್ ಆದರೆ ಎಡಗೈ ಎತ್ತಬೇಕು. ಸಹ ಆಟಗಾರರಿಗಾಗಿ ತಂಡದ ಕೊಠಡಿಯಲ್ಲಿ ಬರಹವೊಂದನ್ನೂ ಅಂಟಿಸಿದ್ದರು: ಚೆಂಡು ತಮ್ಮದಾದರೆ ತಾವು ಕೂಗುವುದಾಗಿ, ಕೂಗು ಕೇಳಿಸದಿದ್ದರೆ ಇತರರು ಹಿಡಿಯಬೇಕೆಂದು ಅದರ ತಾತ್ಪರ್ಯ. ಕಿವುಡ ಆಟಗಾರ ದನಿಯನ್ನೇ ನೆಚ್ಚಿಕೊಂಡದ್ದು ವಿಚಿತ್ರವೆನಿಸಿದರೂ ಡಿಕ್ಕಿ ತಪ್ಪಿಸಲು ಅದೇ ದಾರಿಯಾಗಿತ್ತು.

1888ರಲ್ಲಿ ವಾಷಿಂಗ್ಟನ್ ಪರ ನ್ಯಾಷನಲ್ ಲೀಗ್‌ಗೆ ಕಾಲಿಟ್ಟ ಹಾಯ್, ಮೊದಲ ವರ್ಷವೇ 82 ಬೇಸ್ ಕದ್ದು ಅಗ್ರಸ್ಥಾನ ಪಡೆದರು (ಅಂದಿನ ಲೆಕ್ಕದ ಕ್ರಮ ಇಂದಿನಷ್ಟು ಬಿಗಿಯಾಗಿರಲಿಲ್ಲ). 1889ರ ಜೂನ್ 19ರಂದು ಒಂದೇ ಪಂದ್ಯದಲ್ಲಿ ಹೊರಮೈದಾನದಿಂದ ಚೆಂಡೆಸೆದು ಮೂವರನ್ನು ಹೋಮ್ ಪ್ಲೇಟ್‌ನಲ್ಲಿ ಔಟ್ ಮಾಡಿಸಿದ್ದು ಅಪರೂಪದ ಸಾಧನೆ. ಒಟ್ಟು 14 ಋತುಗಳಲ್ಲಿ 2,000ಕ್ಕೂ ಹೆಚ್ಚು ಹಿಟ್ ಗಳಿಸಿದರು.

ಪತ್ರಿಕೆಗಳು ಅವರನ್ನು 'ಡಮ್ಮಿ' ಎನ್ನುತ್ತಿದ್ದವು. ನಮ್ಮ ಚುನಾವಣಾ ಸುದ್ದಿಯ ಡಮ್ಮಿ ಇದಲ್ಲ. ಮೂಗ ಎಂಬ ಹೀನಾರ್ಥದ ಪದ. ಇಂದು ಯಾರೂ ಒಪ್ಪದ ಈ ಅಡ್ಡಹೆಸರನ್ನು ಹಾಯ್ ಸ್ವತಃ ಒಪ್ಪಿಕೊಂಡಿದ್ದರು. 1902ರ ಮೇ 16ರಂದು ಸಿನ್ಸಿನಾಟಿ ಪರ ಆಡುತ್ತಿದ್ದಾಗ ಅವರಿಗೆ ಎದುರಾದ ನ್ಯೂಯಾರ್ಕ್ ಪಿಚರ್ ಲೂಥರ್ ಟೇಲರ್ ಕೂಡ ಕಿವುಡರೇ. ಅವರಿಗೂ ಅದೇ ಅಡ್ಡಹೆಸರಿತ್ತು.

ಅಂಪೈರ್‌ಗಳ ಕೈಸನ್ನೆಗೆ ಹಾಯ್ ಕಾರಣರೇ ಎಂಬುದು ಇತ್ಯರ್ಥವಾಗದ ವಿವಾದ. ಕೂಪರ್ಸ್‌ಟೌನ್‌ನ ಕೀರ್ತಿಭವನದ ಫಲಕ ಆ ಶ್ರೇಯವನ್ನು ಅಂಪೈರ್ ಬಿಲ್ ಕ್ಲೆಮ್ ಅವರಿಗೆ ನೀಡಿದೆ. ಆದರೆ ಕ್ಲೆಮ್ ನ್ಯಾಷನಲ್ ಲೀಗ್‌ಗೆ ಬಂದದ್ದೇ 1905ರಲ್ಲಿ, ಹಾಯ್ ಪ್ರಮುಖ ಲೀಗ್ ತೊರೆದು ಮೂರು ವರ್ಷಗಳ ನಂತರ. ಹಾಯ್ ಅವರನ್ನು ಸೇರಿಸಬೇಕೆಂದು ಕಿವುಡ ಸಮುದಾಯ ದಶಕಗಳಿಂದ ಒತ್ತಾಯಿಸುತ್ತಿದ್ದರೂ ಆ ಭವನದಲ್ಲಿ ಅವರಿಗೆ ಸ್ಥಾನ ಸಿಕ್ಕಿಲ್ಲ.

1961ರ ಅಕ್ಟೋಬರ್ 7ರಂದು ಸಿನ್ಸಿನಾಟಿಯಲ್ಲಿ ನಡೆದ ವರ್ಲ್ಡ್ ಸೀರೀಸ್ ಪಂದ್ಯಕ್ಕೆ ಮೊದಲ ಚೆಂಡೆಸೆದವರು 99 ವರ್ಷದ ಹಾಯ್. ಅದೇ ವರ್ಷ ಡಿಸೆಂಬರ್ 15ರಂದು ಅವರು ನಿಧನರಾದರು.