ಸಾದಿಲ್ವಾರು ಮೊತ್ತವೂ ಕ್ಷೇತ್ರಕಾರ್ಯವೂ: ಕನ್ನಡ ಸಂಶೋಧನಾರ್ಥಿಗಳ ನೆರವಿನ ಒಂದು ಮರುಪರಿಶೀಲನೆ

ಕನ್ನಡ ವಿಭಾಗಗಳ ಪಿಎಚ್.ಡಿ. ಸಂಶೋಧನೆ ಸೊರಗಿದೆ ಎಂಬ ದೂರು ಹಳೆಯದು. ವಿದ್ಯಾರ್ಥಿಗಳಲ್ಲಿ ಶ್ರದ್ಧೆ ಕುಗ್ಗಿದೆ ಎಂದು ಹಿರಿಯ ವಿದ್ವಾಂಸರು ಹೇಳುತ್ತಾರೆ. ಶಿಷ್ಯವೇತನ ಸಾಲದು ಎಂದು ವಿದ್ಯಾರ್ಥಿ ಸಂಘಟನೆಗಳು ಹೇಳುತ್ತವೆ. ಶ್ರದ್ಧೆಯನ್ನು ಅಳೆಯುವ ಮಾನದಂಡ ಯಾರ ಬಳಿಯೂ ಇಲ್ಲವಾದ್ದರಿಂದ ಮೊದಲ ಮಾತನ್ನು ಇಲ್ಲಿ ಚರ್ಚಿಸುವುದಿಲ್ಲ. ಎರಡನೆಯದರಲ್ಲಿ ಹುರುಳಿದೆ. ಆದರೆ ಅದು ಆದೇಶಪತ್ರದ ಒಂದೇ ಕಲಂ ಮೇಲೆ ಕಣ್ಣಿಟ್ಟು, ಅದರ ಪಕ್ಕದ ಕಲಂ ಅನ್ನು ಓದದೆ ಬಿಟ್ಟಿದೆ ಎಂಬುದು ಈ ಲೇಖನದ ವಾದ.

ಒಮ್ಮತವಿರುವ ಸಂಗತಿಗಳನ್ನು ಚುಟುಕಾಗಿ ಹೇಳಬಹುದು. ವಿಶ್ವವಿದ್ಯಾಲಯ ಅನುದಾನ ಆಯೋಗದ ಕಿರಿಯ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್, ಎರಡು ವರ್ಷದ್ದು. ಅನಂತರ ಹಿರಿಯ ಫೆಲೋಶಿಪ್ಪಾಗಿ ಮೂರು ವರ್ಷ ಮುಂದುವರಿಯುತ್ತದೆ. ನೆಟ್ ಪಾಸಾಗದವರಿಗೆ ಸಿಗುವ ತಿಂಗಳಿಗೆ 8,000 ರೂಪಾಯಿಯ ನೆರವು ಮುಖ್ಯವಾಗಿ ಕೇಂದ್ರೀಯ ವಿಶ್ವವಿದ್ಯಾಲಯಗಳದ್ದು. 2015ರ ಅಕ್ಟೋಬರಿನಲ್ಲಿ ಆಯೋಗ ಅದನ್ನೂ ನಿಲ್ಲಿಸಲು ಹೊರಟಾಗ ದೆಹಲಿಯಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು, ನಿರ್ಧಾರ ಹಿಂದೆ ಸರಿಯಿತು. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಮೌಲಾನಾ ಆಜಾದ್ ಫೆಲೋಶಿಪ್ 2022ರಲ್ಲಿ ನಿಂತಿತು. 2022ರ ಪಿಎಚ್.ಡಿ. ನಿಯಮಾವಳಿ ಎಂ.ಫಿಲ್. ಪದವಿಯನ್ನು ಕೈಬಿಟ್ಟು, ಪಿಎಚ್.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ ಗೊತ್ತುಮಾಡಿತು. ಈ ಚರ್ಚೆಗಳೆಲ್ಲ ನಡೆದದ್ದು ಮಾಸಿಕ ಮೊತ್ತ ಎಷ್ಟು, ಅದು ಯಾರಿಗೆ ಎಂಬ ಎರಡು ಪ್ರಶ್ನೆಗಳ ಸುತ್ತ.

ಇನ್ನು ಪಕ್ಕದ ಕಲಂ. ಜೆಆರ್‌ಎಫ್ ಮಾಸಿಕ ಮೊತ್ತ 2010ರಲ್ಲಿ 16,000 ಇದ್ದದ್ದು 2014ರ ಡಿಸೆಂಬರಿನಿಂದ 25,000, 2019ರಲ್ಲಿ 31,000, 2023ರ ಜನವರಿಯಿಂದ 37,000 ಆಯಿತು. ಫೆಲೋಶಿಪ್ಪಿನ ಜೊತೆಗೆ ಪುಸ್ತಕ, ಟೈಪಿಂಗ್, ಪ್ರವಾಸ, ಕ್ಷೇತ್ರಕಾರ್ಯಗಳಿಗೆಂದು ಸಾದಿಲ್ವಾರು ವೆಚ್ಚ ಕೊಡುತ್ತಾರೆ. ವಿಭಾಗಗಳಲ್ಲಿ ಎಲ್ಲರೂ ಅದನ್ನು ಕಂಟಿಂಜೆನ್ಸಿ ಎಂದೇ ಕರೆಯುತ್ತಾರೆ. ಮಾನವಿಕ ಮತ್ತು ಸಮಾಜವಿಜ್ಞಾನಗಳಿಗೆ ಇದು ಮೊದಲ ಎರಡು ವರ್ಷ ವರ್ಷಕ್ಕೆ 10,000, ಮುಂದಿನ ಮೂರು ವರ್ಷ ವರ್ಷಕ್ಕೆ 20,500. ಮಾಸಿಕ ಮೊತ್ತ 16,000 ಇದ್ದಾಗಲೂ ಇಷ್ಟೇ, 2023ರ ಪರಿಷ್ಕರಣೆಯ ಬಳಿಕವೂ ಇಷ್ಟೇ. ಐದು ವರ್ಷಕ್ಕೆ ಕೂಡಿದರೆ 81,500 ರೂಪಾಯಿ. ಜೆಆರ್‌ಎಫ್ ಅವಧಿಯಲ್ಲಿ ಇದು 2010ರ ವಾರ್ಷಿಕ ಶಿಷ್ಯವೇತನದ ಶೇ. 5ಕ್ಕಿಂತ ತುಸು ಹೆಚ್ಚಿತ್ತು, ಈಗ ಶೇ. 2ರ ಆಸುಪಾಸಿನಲ್ಲಿದೆ. 2018ರಲ್ಲಿ ಆರಂಭವಾದ, ವಿಜ್ಞಾನ ತಂತ್ರಜ್ಞಾನದ ಆಯ್ದ ಸಂಸ್ಥೆಗಳಿಗೆ ಮೀಸಲಾದ ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ಪಿನಲ್ಲಿ ಇದೇ ಬಾಬಿಗೆ ವರ್ಷಕ್ಕೆ 2 ಲಕ್ಷ ರೂಪಾಯಿ ಇದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಪೂರಾ ನ್ಯಾಯವಲ್ಲ, ನಿಜ. ಆದರೂ ಅಂತರವನ್ನು ನೋಡಿಯೂ ನೋಡದಂತಿರಲಾಗದು.

ಈ ಹಣದಲ್ಲಿ ಕನ್ನಡದ ಸಂಶೋಧನಾರ್ಥಿ ಏನು ಮಾಡಬಲ್ಲ? ಒಬ್ಬಳು ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದ ಒಂದು ಪಾಠವನ್ನು ಸಂಗ್ರಹಿಸಲು ಹೊರಟಳೆನ್ನಿ. ಹಾಡಿಕೆ ರಾತ್ರಿಯಿಡೀ ನಡೆಯುವಂಥದ್ದು, ಒಂದು ರಾತ್ರಿಗೆ ಮುಗಿಯುವುದೂ ಇಲ್ಲ. ತಂಬೂರಿ ಹಿಡಿದ ಹಿರಿಯರಿಗೂ ಹಿಮ್ಮೇಳದವರಿಗೂ ಸಂಭಾವನೆ, ಊಟ, ಕೊನೆಯ ಬಸ್ಸು ತಪ್ಪಿದರೆ ಬಾಡಿಗೆ ಆಟೊ, ಮತ್ತೆ ತಿಂಗಳಾನುಗಟ್ಟಲೆ ಧ್ವನಿಮುದ್ರಣವನ್ನು ಬರಹಕ್ಕಿಳಿಸುವ ಕೆಲಸ. ವರ್ಷದ ಹತ್ತು ಸಾವಿರ ಒಂದೆರಡು ಸುತ್ತಿಗೇ ಕರಗುತ್ತದೆ. ಹಣ ಪಡೆಯಲು ಬಿಲ್ಲು, ವೋಚರು, ಹಣ ಬಳಕೆ ಪ್ರಮಾಣಪತ್ರ, ಮಾರ್ಗದರ್ಶಕರ ಮತ್ತು ವಿಭಾಗದ ಮುಖ್ಯಸ್ಥರ ಸಹಿ ಬೇಕು. ನೀಲಗಾರರ ಬಳಿ ಜಿಎಸ್‌ಟಿ ಸಂಖ್ಯೆ ಎಲ್ಲಿಂದ ಬರಬೇಕು? ಬಿಳಿ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿಸಿ ತಂದ ಚೀಟಿಯನ್ನು ಲೆಕ್ಕಪತ್ರ ಶಾಖೆಯವರು ಒಪ್ಪಿದರೆ ಪುಣ್ಯ. ಅಂಗಡಿಯಿಂದ ಕೊಂಡ ಪುಸ್ತಕದ ಬಿಲ್ಲಿಗೆ ಇಂಥ ತಕರಾರಿಲ್ಲ.

ನನ್ನ ಮುಖ್ಯ ಪ್ರತಿಪಾದನೆ ಇಷ್ಟು: ವಿದ್ಯಾರ್ಥಿಗಳು ಕ್ಷೇತ್ರಕಾರ್ಯ, ಹಸ್ತಪ್ರತಿ ಮತ್ತು ಶಾಸನಗಳಿಂದ ದೂರ ಸರಿದು ಒಬ್ಬ ಆಧುನಿಕ ಲೇಖಕನ ಸಮಗ್ರ ಸಾಹಿತ್ಯದ ಅಧ್ಯಯನದತ್ತ ವಾಲುವುದರಲ್ಲಿ ಈ ಹೆಪ್ಪುಗಟ್ಟಿದ ಕಲಮಿನ ಪಾಲಿದೆ. ಪಾಲಿದೆ ಎನ್ನುತ್ತಿದ್ದೇನೆ, ಇದೊಂದೇ ಕಾರಣ ಎನ್ನುತ್ತಿಲ್ಲ. ಮಾರ್ಗದರ್ಶಕರ ಆಸಕ್ತಿ, ಹಳಗನ್ನಡದ ತರಬೇತಿ ತೆಳುವಾಗಿರುವುದು, ಆರು ವರ್ಷದ ಗಡುವು, ಹೊಟ್ಟೆಪಾಡಿಗೆ ಹಿಡಿದ ಅತಿಥಿ ಉಪನ್ಯಾಸಕ ಕೆಲಸ ಎಲ್ಲವೂ ಅದೇ ದಿಕ್ಕಿಗೆ ತಳ್ಳುತ್ತವೆ. ಯಾವುದರ ತೂಕ ಎಷ್ಟೆಂದು ಬಿಡಿಸಿ ಹೇಳುವ ಸ್ಥಿತಿಯಲ್ಲಿ ನಾವಿನ್ನೂ ಇಲ್ಲ.

ಇದಕ್ಕೆ ಮೂರು ಆಕ್ಷೇಪಗಳು ಬರಬಹುದು. ಮಾಸಿಕ ಮೊತ್ತ ಇಮ್ಮಡಿಗೂ ಮೀರಿ ಏರಿದೆಯಲ್ಲ, ಕ್ಷೇತ್ರಕಾರ್ಯದ ಖರ್ಚು ಅದರಿಂದಲೇ ಆಗಲಿ ಎಂಬುದು ಮೊದಲನೆಯದು. ವಿಶ್ವವಿದ್ಯಾಲಯ ಪ್ರತಿ ತಿಂಗಳು ಪೋರ್ಟಲ್ಲಿನಲ್ಲಿ ಹಾಜರಿ ದೃಢೀಕರಿಸಿದ ಮೇಲಷ್ಟೇ ಜಮೆಯಾಗುವ, ಎಷ್ಟೋ ಸಲ ಹಲವು ತಿಂಗಳದ್ದು ಒಟ್ಟಿಗೆ ಬರುವ ಹಣ ಅದು. ಬರುವ ಹೊತ್ತಿಗೆ ಮೆಸ್ಸಿನ ಬಾಕಿ, ಮನೆಯ ಸಾಲ ಕಾದಿರುತ್ತವೆ. ಮನೆಯಲ್ಲಿ ಮೊದಲ ಬಾರಿಗೆ ಓದಿದವನ ಶಿಷ್ಯವೇತನ ಸಂಸಾರದ ವರಮಾನವೂ ಹೌದು.

ಎರಡನೆಯ ಆಕ್ಷೇಪ ಚರಿತ್ರೆಯದು: ಹಿಂದಿನವರು ಯಾವ ಕಂಟಿಂಜೆನ್ಸಿ ನಂಬಿ ಹಳ್ಳಿ ಸುತ್ತಿದರು? ಜೀ.ಶಂ. ಪರಮಶಿವಯ್ಯನವರು ಸುತ್ತಿದ್ದು ನಿಜ. ಆದರೆ ಅವರಿಗೆ ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯ ನೌಕರಿಯ ಆಸರೆಯಿತ್ತು. ಎಂ. ಚಿದಾನಂದಮೂರ್ತಿಯವರ ಶಾಸನಾಧ್ಯಯನಕ್ಕೆ ಬಿ.ಎಲ್. ರೈಸ್ ಆರಂಭಿಸಿದ ಎಪಿಗ್ರಾಫಿಯ ಕರ್ನಾಟಿಕದ ಅಚ್ಚಾದ ಸಂಪುಟಗಳು ಒದಗಿಬಂದವು. ಸಂಗ್ರಹದ ಖರ್ಚನ್ನು ಅಲ್ಲಿ ಸಂಸ್ಥೆ ಅಥವಾ ಸರ್ಕಾರ ಹೊತ್ತಿತ್ತು. ಇಂದು ಅದೇ ಖರ್ಚನ್ನು ಒಬ್ಬ ವಿದ್ಯಾರ್ಥಿಯ ವಾರ್ಷಿಕ ಬಾಬಿಗೆ ದಾಟಿಸಿದ್ದೇವೆ.

ಮೂರನೆಯದು ಎಲ್ಲಕ್ಕಿಂತ ಗಟ್ಟಿ. ಯಾವ ಫೆಲೋಶಿಪ್ಪೂ ಇಲ್ಲದ ವಿದ್ಯಾರ್ಥಿಗಳೂ ಲೇಖಕ ಕೇಂದ್ರಿತ ವಿಷಯಗಳನ್ನೇ ಆರಿಸುತ್ತಾರೆ. ಹಾಗಿರುವಾಗ ಕಂಟಿಂಜೆನ್ಸಿಯನ್ನು ಕಾರಣವೆನ್ನುವುದು ಹೇಗೆ? ವಿಷಯ ನಿಗದಿಯಾಗುವುದು ನೋಂದಣಿಯ ಹೊತ್ತಿನಲ್ಲಿ, ಡಾಕ್ಟರಲ್ ಸಮಿತಿಯ ಮುಂದೆ. ರಾಜ್ಯದ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಲ್ಲಿ ಜೆಆರ್‌ಎಫ್ ಪಡೆದವರು ಸಾಮಾನ್ಯವಾಗಿ ಅಲ್ಪಸಂಖ್ಯೆಯವರು. ಹೆಚ್ಚಿನವರ ಕಂಟಿಂಜೆನ್ಸಿ ಸೊನ್ನೆ, ಮತ್ತು ವಿಭಾಗದ ರೂಢಿಯನ್ನು ಕಟ್ಟುವವರು ಅವರೇ. ಸೊನ್ನೆಗೂ ಹತ್ತು ಸಾವಿರಕ್ಕೂ ನಡುವೆ ಆ ರೂಢಿಯನ್ನು ಮುರಿಯುವಷ್ಟು ಅಂತರವಿಲ್ಲ ಎಂದು ನಾನು ಊಹಿಸುತ್ತೇನೆ. ಇದು ಊಹೆಯೇ. ಕ್ಷೇತ್ರಕಾರ್ಯಕ್ಕೆ ಪ್ರತ್ಯೇಕ ಹಣ ಕೊಟ್ಟ ವಿಭಾಗವೊಂದರಲ್ಲಿಯೂ ವಿಷಯಗಳ ಸ್ವರೂಪ ಬದಲಾಗದಿದ್ದರೆ ನನ್ನ ವಾದ ಬಿದ್ದುಹೋಗುತ್ತದೆ.

ಮಹಾಪ್ರಬಂಧಗಳ ಪಟ್ಟಿ ಪ್ರತಿ ವಿಭಾಗದಲ್ಲೂ ಇದೆ, ಕಂಟಿಂಜೆನ್ಸಿ ಬಿಲ್ಲುಗಳ ಕಡತ ಪ್ರತಿ ಲೆಕ್ಕಪತ್ರ ಶಾಖೆಯಲ್ಲೂ ಇದೆ. ಇವೆರಡನ್ನೂ ಎದುರುಬದುರು ಇಟ್ಟು ಓದುವ ಕೆಲಸ ಬಾಕಿಯಿದೆ. ಕುಲಸಚಿವರು ಹೆಸರುಗಳನ್ನು ಮರೆಮಾಡಿ ಆ ಕಡತಗಳನ್ನು ಸಂಶೋಧಕರಿಗೆ ತೆರೆಯಬೇಕು. ಅಲ್ಲಿಯವರೆಗೆ, ಕ್ಷೇತ್ರಕಾರ್ಯವಿಲ್ಲದ ಪ್ರಬಂಧ ತಂದ ವಿದ್ಯಾರ್ಥಿಯನ್ನು ಮೌಖಿಕ ಪರೀಕ್ಷೆಯಲ್ಲಿ ಗದರಿಸುವ ಪರೀಕ್ಷಕರು ಅವನ ಕಂಟಿಂಜೆನ್ಸಿ ಎಷ್ಟಿತ್ತೆಂದು ಮೊದಲು ಕೇಳಲಿ.